ಅರಣ್ಯಕ್ಕೆ ಹೊರಟವನ ಆಯುಧ

ನಂದವರಂ, ಕರ್ನೂಲು ಜಿಲ್ಲೆ

ಚಿರಂಜೀವಿ ತಮ್ಮನಿಗೆ, ನೀನು ಬರೆದ ಕಾಗದ ತಲುಪಿತು. ರಜೆ ದೊರೆತಾಗಲೆಲ್ಲ ಬೆನ್ನಿಗೆ ಚೀಲವನ್ನೇರಿಸಿ ಗೆಳೆಯರೊಡನೆ ಗುಡ್ಡಗಾಡುಗಳಲ್ಲಿ ನಡೆಯುವ, ರಾತ್ರಿ ಡೇರೆ ಹೂಡಿ ಮಲಗುವ ಅಭ್ಯಾಸವನ್ನು ನೀನು ರೂಢಿಸಿಕೊಂಡಿರುವುದು ನನಗೆ ಸಂತೋಷದ ಸಂಗತಿ. ಈ ವರ್ಷ ಸಂಡೂರಿನ ಬೆಟ್ಟಗಳಿಗೂ ನಲ್ಲಮಲೆಗೂ ಹೋಗಬೇಕೆಂದಿರುವ ನೀನು, ಕರಡಿ ಚಿರತೆಗಳ ಭಯಕ್ಕೆ ಜೊತೆಗೊಂದು ಕೈಬಂದೂಕನ್ನು ಇಟ್ಟುಕೊಳ್ಳುವುದು ಲೇಸೆಂದು ಬಗೆದು, ಪಿಸ್ತೂಲು ಉತ್ತಮವೋ ರಿವಾಲ್ವರ್ ಉತ್ತಮವೋ, ಯಾವ ಅಳತೆಯ ತೋಟಾ ಸಾಕಾದೀತು ಎಂದು ಕೇಳಿದ್ದೀಯೆ. ಅಮೆರಿಕದ ಚಾರಣಿಗರು ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ನಡೆಯುವ ಚಿತ್ರಗಳನ್ನು ನೋಡಿದ ನಿನ್ನ ವಯಸ್ಸಿನ ಇನ್ನೂ ಹಲವರ ಮನಸ್ಸಿನಲ್ಲಿ ಇದೇ ಪ್ರಶ್ನೆ ಇರಬಹುದಾದುದರಿಂದ, ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಭಯಪಟ್ಟೆನೆಂದು ನೀನು ನಾಚಬೇಕಾದುದಿಲ್ಲ. ಮನೆಯ ಗೋಡೆಗಳ ಆಚೆ, ದೀಪವಿಲ್ಲದ ಬಯಲಿನಲ್ಲಿ ಮಲಗುವವನಿಗೆ ಭಯವು ಸಹಜವಾದುದು, ಉಪಯುಕ್ತವಾದುದೂ ಹೌದು. ಅದು ಅವನನ್ನು ಎಚ್ಚರದಲ್ಲಿಡುತ್ತದೆ. ಆದರೆ ಆ ಭಯಕ್ಕೆ ಪರಿಹಾರವಾಗಿ ನೀನು ಕೇಳಿದ ವಸ್ತುವಿನ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ: ನಮ್ಮ ದೇಶದ ಕಾಡುಗಳಲ್ಲಿ ನಡೆಯುವವನಿಗೆ ತಕ್ಕ ಕೈಬಂದೂಕೆಂಬುದು ಇಲ್ಲ. ಯಾವುದನ್ನು ಕೊಂಡರೂ ಅದು ನಿನ್ನ ಅಪಾಯವನ್ನು ಹೆಚ್ಚಿಸುವುದೇ ಹೊರತು ತಗ್ಗಿಸಲಾರದು. ಹಿರಿಯನ ಮಾತೆಂಬ ಒಂದೇ ಕಾರಣಕ್ಕೆ ನೀನಿದನ್ನು ಒಪ್ಪಬೇಕೆಂದು ನಾನು ಅಪೇಕ್ಷಿಸುವುದಿಲ್ಲ. ಕಾರಣಗಳನ್ನು ಒಂದೊಂದಾಗಿ ಮುಂದಿಡುತ್ತೇನೆ, ನೀನೇ ತೂಗಿ ನೋಡು.

ಮೊದಲನೆಯದು ಕಾನೂನಿನ ಮಾತು. 1857ರ ದಂಗೆಯ ನೆನಪು ಇನ್ನೂ ಮಾಸದಿದ್ದ ಕಾಲದಲ್ಲಿ, 1878ರಲ್ಲಿ, ಲಾರ್ಡ್ ಲಿಟ್ಟನ್ನನ ಆಡಳಿತವು ತಂದ ಆಯುಧ ಕಾಯಿದೆ ಭಾರತೀಯನಿಗೆ ಪರವಾನಗಿಯ ಕಟ್ಟನ್ನು ವಿಧಿಸಿ ಐರೋಪ್ಯನಿಗೆ ವಿನಾಯಿತಿ ಕೊಟ್ಟಿತ್ತು. ಸ್ವತಂತ್ರ ಭಾರತವು 1959ರಲ್ಲಿ ಹೊಸ ಕಾಯಿದೆಯನ್ನು ರಚಿಸಿ 1962ರ ಅಕ್ಟೋಬರ್ 1ರಿಂದ ಜಾರಿಗೆ ತಂದಾಗ ಆ ವರ್ಣಭೇದವನ್ನು ತೊಡೆದುಹಾಕಿತಾದರೂ ಪರವಾನಗಿಯ ನಿಯಮವನ್ನು ಉಳಿಸಿಕೊಂಡಿತು. ಆ ಕಾಯಿದೆಯ 13ನೆಯ ಕಲಮು ಬಂದೂಕುಗಳಲ್ಲಿ ಒಂದು ವಿವೇಕಯುತವಾದ ಭೇದವನ್ನು ಮಾಡುತ್ತದೆ: ಬೆಳೆ ಕಾಯುವ ರೈತನ ಮದ್ದು ಗಿಡಿಯುವ ನಾಡಬಂದೂಕು, ಆತ್ಮರಕ್ಷಣೆಗೂ ಕ್ರೀಡೆಗೂ ಒದಗುವ, 20 ಅಂಗುಲಕ್ಕೆ ಕಡಮೆಯಿಲ್ಲದ ನುಣ್ಣನೆಯ ನಳಿಗೆಯ ಕೋವಿ, ಇವು ಒಂದು ತರಗತಿ, ಉಳಿದ ಬಂದೂಕುಗಳು, ನೀನು ಕೇಳಿದ ಪಿಸ್ತೂಲು ರಿವಾಲ್ವರುಗಳೂ ಸೇರಿ, ಇನ್ನೊಂದು ತರಗತಿ. ಎರಡನೆಯದನ್ನು ಬಯಸುವವನು ಅದು ತನಗೆ ಬೇಕಾಗಿರುವುದಕ್ಕೆ ಸಕಾರಣವುಂಟೆಂದು ಅಧಿಕಾರಿಗೆ ಮನಗಾಣಿಸಬೇಕು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು; ಪೊಲೀಸ್ ಠಾಣೆಯಿಂದ ವರದಿ ಬರಬೇಕು; 2016ರ ನಿಯಮಗಳ ಪ್ರಕಾರ ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯನ್ನು ಪಡೆದಿರಬೇಕು. ಇಷ್ಟೆಲ್ಲವೂ ಕೈಗೂಡಿ ಲೈಸೆನ್ಸು ದೊರೆತರೂ, ಅದು ಯಾವ ಪ್ರದೇಶಕ್ಕೆ ಸಲ್ಲುವುದೆಂಬುದು ಅದರಲ್ಲಿಯೇ ಬರೆದಿರುತ್ತದೆ. ನಮ್ಮೂರಿನಿಂದ ಸಂಡೂರಿಗೆ ಹೋಗುವವನು ರಾಜ್ಯದ ಎಲ್ಲೆಯನ್ನೇ ದಾಟಬೇಕು. ಹಳ್ಳಿಯಲ್ಲಿ ಕೋವಿಯುಳ್ಳವರು ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದನ್ನು ನೀನೂ ಕಂಡಿರಬಹುದು. ಆಯುಧವು ಒಡೆಯನ ಕೈಯಲ್ಲಿದ್ದರೂ ಅದರ ಮೇಲಣ ಅಂಕೆ ಸರಕಾರದ್ದೇ ಎಂಬುದಕ್ಕೆ ಆ ರಸೀದಿಯೇ ಸಾಕ್ಷಿ. ಇನ್ನು ಕಳ್ಳದಾರಿಯಲ್ಲಿ ಸಿಗುವ ಕಂಟ್ರಿ ಪಿಸ್ತೂಲಿನ ಆಲೋಚನೆಯನ್ನಂತೂ ಕನಸಿನಲ್ಲಿಯೂ ಮಾಡಬಾರದು. 2019ರ ತಿದ್ದುಪಡಿಯ ಅನಂತರ, ಪರವಾನಗಿಯಿಲ್ಲದೆ ಬಂದೂಕನ್ನು ಇಟ್ಟುಕೊಂಡವನಿಗೆ ಕನಿಷ್ಠ 2 ವರ್ಷಗಳಿಂದ 5 ವರ್ಷಗಳವರೆಗೆ ಸೆರೆವಾಸವುಂಟು; ಅಂತಹ ಕಚ್ಚಾ ಆಯುಧ ಸಿಡಿದು ಹಾರಿಸಿದವನ ಕೈಯನ್ನೇ ಒಯ್ಯುವ ಸಂಭವವೂ ಉಂಟು.

ಇದಕ್ಕಿಂತ ಮುಖ್ಯವಾದುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಪೂರ್ವಾನುಮತಿಯಿಲ್ಲದೆ ಯಾರೂ ಯಾವ ಆಯುಧದೊಡನೆಯೂ ಅಭಯಾರಣ್ಯವನ್ನು ಪ್ರವೇಶಿಸಕೂಡದೆಂದು ಅದರ 31ನೆಯ ಕಲಮು ಸ್ಪಷ್ಟವಾಗಿ ವಿಧಿಸುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ವಿಧಿ. ನಿನ್ನ ಲೈಸೆನ್ಸು ಎಷ್ಟೇ ಕ್ರಮಬದ್ಧವಾಗಿದ್ದರೂ ಅಲ್ಲಿ ಅದಕ್ಕೆ ಬೆಲೆಯಿಲ್ಲ. ಆ ಕಾಯಿದೆಯು ಆಯುಧವೆಂದು ಎಣಿಸುವ ವಸ್ತುಗಳಲ್ಲಿ ಬಂದೂಕು ತೋಟಾಗಳೊಂದಿಗೆ ಬಿಲ್ಲುಬಾಣ, ಚೂರಿ, ಬಲೆ, ಉರುಲು, ವಿಷಗಳೂ ಸೇರಿವೆಯಾದುದರಿಂದ, ಸೊಂಟಕ್ಕೆ ಸಿಕ್ಕಿಸಿದ ದೊಡ್ಡ ಕತ್ತಿಗೂ ಅಲ್ಲಿ ಲೆಕ್ಕ ಕೊಡಬೇಕಾದೀತು. ಅಭಯಾರಣ್ಯದಿಂದ 10 ಕಿಲೋಮೀಟರುಗಳೊಳಗೆ ವಾಸಿಸುವ ಲೈಸೆನ್ಸುದಾರರು ತಮ್ಮ ಹೆಸರನ್ನು ನೋಂದಾಯಿಸಬೇಕೆಂದೂ, ಆ ವಲಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿಯಿಲ್ಲದೆ ಹೊಸ ಲೈಸೆನ್ಸನ್ನು ಕೊಡಕೂಡದೆಂದೂ 34ನೆಯ ಕಲಮು ಹೇಳುತ್ತದೆ.

‘ಪ್ರಾಣವೇ ಹೋಗುವ ಹೊತ್ತಿನಲ್ಲಿ ಕಾನೂನನ್ನು ನೋಡುವವರಾರು?’ ಎಂದು ನೀನು ಕೇಳಬಹುದು. ಕಾನೂನು ಆ ಹೊತ್ತನ್ನೂ ಯೋಚಿಸಿದೆ. ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಪ್ರಾಣಿಯನ್ನು ಕೊಂದುದು ಅಪರಾಧವಲ್ಲವೆಂದು 11ನೆಯ ಕಲಮು ಅಭಯ ಕೊಡುತ್ತದೆ. ಆದರೆ ಅದರೊಡನೆಯೇ, ಆ ಸಂದರ್ಭ ಒದಗಿದಾಗ ಅವನು ಕಾಯಿದೆಯನ್ನು ಮೀರಿದ ಕೃತ್ಯವೊಂದರಲ್ಲಿ ತೊಡಗಿದ್ದರೆ ಆ ಅಭಯ ಅವನಿಗೆ ಸಲ್ಲದೆಂಬ ನಿಬಂಧನೆಯನ್ನೂ ಇಟ್ಟಿದೆ. ಇದರ ತಾತ್ಪರ್ಯವನ್ನು ಚೆನ್ನಾಗಿ ಮನಸ್ಸಿಗೆ ತಂದುಕೊ. ಬರಿಗೈಯಲ್ಲಿ ಹೋದವನು ಸಂಕಟದಲ್ಲಿ ಕಲ್ಲೆತ್ತಿ ಹೊಡೆದರೆ ಕಾನೂನು ಅವನ ಬೆನ್ನಿಗಿರುತ್ತದೆ. ಅನುಮತಿಯಿಲ್ಲದ ಪಿಸ್ತೂಲನ್ನು ಒಳಗೊಯ್ದವನು ಅದೇ ಸಂಕಟದಲ್ಲಿ ಅದನ್ನು ಹಾರಿಸಿದರೆ, ಪ್ರಾಣವನ್ನು ಉಳಿಸಿಕೊಂಡು ಬಂದರೂ ಅಪರಾಧಿಯಾಗಿಯೇ ನಿಲ್ಲುತ್ತಾನೆ. ರಕ್ಷಣೆಗೆಂದು ಒಯ್ದ ವಸ್ತುವೇ ಅವನಿಗಿದ್ದ ರಕ್ಷಣೆಯನ್ನು ಕಳೆಯುತ್ತದೆ.

ಕಾನೂನನ್ನು ಕ್ಷಣಕಾಲ ಬದಿಗಿಟ್ಟು, ಆಯುಧದ ಸಾಮರ್ಥ್ಯವನ್ನೇ ವಿಚಾರಿಸೋಣ. 9 ಮಿಲಿಮೀಟರಿನಂತಹ ಅಳತೆಗಳು ನಮ್ಮಲ್ಲಿ ಸಾಮಾನ್ಯರಿಗೆ ನಿಷಿದ್ಧ. ಸಾಧಾರಣವಾಗಿ ದೊರೆಯುವುದು ಸರಕಾರಿ ಕಾರ್ಖಾನೆಗಳು ತಯಾರಿಸುವ .32 ಅಳತೆಯ ರಿವಾಲ್ವರ್ ಅಥವಾ ಪಿಸ್ತೂಲು. ಕಾನ್ಪುರದ ಕಾರ್ಖಾನೆಯು 2014ರಲ್ಲಿ ‘ನಿರ್ಭೀಕ್’ ಎಂಬ ಹೆಸರಿನಿಂದ ಹೊರತಂದ, ಅರ್ಧ ಕಿಲೋ ತೂಗುವ ಹಗುರವಾದ ರಿವಾಲ್ವರಿಗೆ ಆಗಲೇ 1 ಲಕ್ಷ 22 ಸಾವಿರ ರೂಪಾಯಿಗಳಿಗೂ ಮಿಕ್ಕಿದ ಬೆಲೆಯಿತ್ತು, ಅದರ ಅಳತೆಯೂ .32. ಈ ತೋಟಾದ ಗುಂಡು ನಳಿಗೆಯಿಂದ ಹೊರಡುವಾಗ ಹೊತ್ತೊಯ್ಯುವ ಶಕ್ತಿ ಸುಮಾರು 160 ಜೂಲುಗಳು. ಕರಡಿಯ ನಾಡಿನಲ್ಲಿ ಓಡಾಡುವ ಅಮೆರಿಕನ್ನರು ಒಯ್ಯುವ .44 ಮ್ಯಾಗ್ನಂ ಗುಂಡಿನ ಶಕ್ತಿ 1,200 ಜೂಲುಗಳಿಗೂ ಹೆಚ್ಚು. ನೂರು ಕಿಲೋ ತೂಗುವ, ದಟ್ಟವಾದ ಕೂದಲೂ ಗಟ್ಟಿಯಾದ ತಲೆಬುರುಡೆಯೂ ಉಳ್ಳ, ಬೆರಳುದ್ದದ ಉಗುರುಗಳನ್ನು ಚಾಚಿ ಪೊದೆಯಿಂದ ನಾಲ್ಕಾರು ಹೆಜ್ಜೆಗಳ ಅಂತರದಲ್ಲಿ ಮೇಲೆರಗುವ ಕರಡಿಯನ್ನು ಆ ಸಣ್ಣ ಗುಂಡು ನಿಂತ ನಿಲುವಿನಲ್ಲಿ ಕೆಡವಲಾರದು. ಗಾಯಗೊಳಿಸಿ ಇನ್ನಷ್ಟು ಕೆರಳಿಸಬಲ್ಲುದು. ಅದೂ, ಚೀಲದ ಪಟ್ಟಿಗಳ ನಡುವಿನಿಂದ ಆಯುಧವನ್ನು ಸೆಳೆದು, ನಡುಗುವ ಕೈಯಿಂದ ಗುರಿಯಿಡಲು ಕಾಲಾವಕಾಶ ದೊರೆತರೆ.

ನುರಿತ ಬೇಟೆಗಾರರ ಅನುಭವವೂ ಇದನ್ನೇ ಹೇಳುತ್ತದೆ. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ ಅರಸೀಕೆರೆಯ ಸುತ್ತಲ ಗುಡ್ಡಗಳಲ್ಲಿ ಹನ್ನೆರಡು ಮಂದಿಯನ್ನಾದರೂ ಕೊಂದ ಕರಡಿಯೊಂದರ ವೃತ್ತಾಂತವನ್ನು ಬರೆದಿದ್ದಾನೆ. ಕಾಡಿನ ಸೂಕ್ಷ್ಮಗಳನ್ನೆಲ್ಲ ಬಲ್ಲ, .405 ಅಳತೆಯ ದೊಡ್ಡ ರೈಫಲ್ಲನ್ನು ಕೈಯಾಡಿಸಿದ ಆತನಿಗೂ ಆ ಪ್ರಾಣಿ ಒಂದೇ ಸಲಕ್ಕೆ ವಶವಾಗಲಿಲ್ಲ. ಆ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಕೂಡ ದೊರೆಯುತ್ತದೆ. ಎರಡನ್ನೂ ಓದು. ಅಮೆರಿಕದ ಅಲಾಸ್ಕಾ ಪ್ರಾಂತದಲ್ಲಿ ಕರಡಿಯೆದುರು ಬಂದೂಕು ಬಳಕೆಯಾದ 269 ಘಟನೆಗಳನ್ನು ಪರಿಶೀಲಿಸಿ ಸ್ಮಿತ್, ಹೆರೆರೊ ಮೊದಲಾದ ವಿದ್ವಾಂಸರು 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಬಂದೂಕನ್ನು ಹಾರಿಸಿದವರಿಗೂ ಕೈಯಲ್ಲಿದ್ದೂ ಹಾರಿಸದೆ ಇದ್ದವರಿಗೂ ಆದ ಗಾಯಗಳ ಪ್ರಮಾಣದಲ್ಲಿ ಗಣನೀಯ ಅಂತರವಿಲ್ಲವೆಂದು ಕಂಡಿತು. ಅದೇ ವಿದ್ವಾಂಸರು 2008ರಲ್ಲಿ ಮೆಣಸಿನ ಖಾರದ ಸಿಂಚಕವನ್ನು ಕುರಿತು ಬರೆದಾಗ, ಹತ್ತಿರದ ಮುಖಾಮುಖಿಯಲ್ಲಿ ಅದನ್ನು ಹಿಡಿದಿದ್ದವರ ಪೈಕಿ ನೂರಕ್ಕೆ 98 ಮಂದಿ ಗಾಯವಿಲ್ಲದೆ ಪಾರಾದುದನ್ನು ತೋರಿಸಿದ್ದರು. 2010ರ ಫೆಬ್ರವರಿಯಿಂದ ತಮ್ಮ ರಾಷ್ಟ್ರೀಯ ಉದ್ಯಾನಗಳಿಗೆ ಬಂದೂಕನ್ನು ಒಯ್ಯಲು ಕಾನೂನೇ ಅವಕಾಶ ಕೊಟ್ಟಿರುವ ದೇಶದ ವಿದ್ವಾಂಸರ ಮಾತಿದು ಎಂಬುದನ್ನು ಮರೆಯಬೇಡ.

ನೀನು ಕೊಡಗಿನ ಉದಾಹರಣೆಯನ್ನು ಎತ್ತಬಹುದೆಂದು ನನಗೆ ಗೊತ್ತು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು, ದಿಟ. 1861ರಿಂದ ನಡೆದುಬಂದ ಆ ವಿಶೇಷ ಹಕ್ಕನ್ನು ಕೇಂದ್ರ ಸರಕಾರವು 2029ರವರೆಗೆ ಮುಂದುವರಿಸಿದೆ. ಕರ್ನಾಟಕದ ಉಚ್ಚ ನ್ಯಾಯಾಲಯವೂ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಅಲ್ಲಿ ಕೋವಿಯು ಕುಲದ ಮರ್ಯಾದೆಗೆ ಸೇರಿದ ವಸ್ತು. ಕೈಲ್ ಪೊಳ್ದಿನ ಹಬ್ಬದಲ್ಲಿ ಅದಕ್ಕೆ ಹೂವೇರಿಸಿ ಪೂಜಿಸುತ್ತಾರೆ, ಮನೆಯಲ್ಲಿ ಗಂಡುಮಗು ಹುಟ್ಟಿದರೆ ಈಡು ಹಾರಿಸಿ ಸಾರುತ್ತಿದ್ದರು. ಹಿರಿಯರ ಕಣ್ಣೆದುರಿನಲ್ಲಿ, ಬಾಲ್ಯದಿಂದ ಕಲಿತ ಸಂಯಮದೊಡನೆ ಬೆಳೆದುಬಂದ ಆ ಸಂಸ್ಕಾರವನ್ನು ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ. ಅಭಯಾರಣ್ಯದ ಗಡಿಯಲ್ಲಿಯಾದರೋ ಅವರಿಗೂ ನಮಗೂ ಒಂದೇ ಕಾನೂನು.

ನಮ್ಮ ಸೀಮೆಯಲ್ಲಿ ಬೇರೊಂದು ಪರಂಪರೆಯುಂಟು; ನಿನಗೆ ಮಾದರಿಯಾಗಬೇಕಾದುದು ಅದು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರುವವರೆಗೆ ನಾವು ಬಳ್ಳಾರಿ ಜಿಲ್ಲೆಯವರಾಗಿದ್ದೆವು. ಇಂದಿಗೂ ಕನ್ನಡ ನಾಡಿನ ಶಿವಭಕ್ತರು ಶ್ರೀಶೈಲ ಮಲ್ಲಯ್ಯನ ಯಾತ್ರೆಗೆ ಯುಗಾದಿಯ ಮುನ್ನ ಈ ಕಡೆಯ ದಾರಿಗಳನ್ನು ಹಿಡಿದು ನಡೆಯುತ್ತಾರೆ. ರಾಯಚೂರು, ಬಾಗಲಕೋಟೆ, ವಿಜಯಪುರಗಳಿಂದ ಹೊರಟು, ಹೆಗಲ ಮೇಲೆ ಕಂಬಿಯನ್ನು ಹೊತ್ತು, ಆತ್ಮಕೂರಿನ ಮುಂದೆ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನಕೊಳಗಳ ಹಾದಿಯಲ್ಲಿ ನಲ್ಲಮಲೆಯನ್ನು ಹೊಕ್ಕು ಕೈಲಾಸದ್ವಾರವನ್ನು ಸೇರುವ ಆ ಜನ ನಡೆಯುವುದು ಸಾಮಾನ್ಯವಾದ ಕಾಡಿನಲ್ಲಿ ಅಲ್ಲ; ದೇಶದ ಅತಿ ವಿಸ್ತಾರವಾದ ಹುಲಿ ಸಂರಕ್ಷಿತ ಪ್ರದೇಶದಲ್ಲಿ. ಹುಲಿ, ಚಿರತೆ, ಕರಡಿಗಳೆಲ್ಲವೂ ಅಲ್ಲಿವೆ. ಮುದುಕರು, ಹೆಂಗಸರು, ಮಕ್ಕಳು ಸೇರಿದ ಆ ಸಮೂಹದಲ್ಲಿ ಪಿಸ್ತೂಲನ್ನು ಯಾರೂ ಕಂಡವರಿಲ್ಲ. ಅವರು ಗುಂಪಾಗಿ ನಡೆಯುತ್ತಾರೆ. ಹಾಡುತ್ತ, ಮಲ್ಲಯ್ಯನನ್ನು ಕೂಗುತ್ತ, ಕೋಲೂರುತ್ತ ನಡೆಯುವುದರಿಂದ ಅವರ ಬರವನ್ನು ಮೃಗಗಳು ದೂರದಿಂದಲೇ ಅರಿಯುತ್ತವೆ. ಅರಣ್ಯ ಇಲಾಖೆ ತೆರೆದ ದಿನಗಳಲ್ಲಿ, ತೆರೆದ ಹಾದಿಯನ್ನು ಬಿಟ್ಟು ಅತ್ತಿತ್ತ ಸರಿಯುವುದಿಲ್ಲ. ನೀರಿನ ನೆಲೆಗಳನ್ನು ಬಲ್ಲವರನ್ನು ಮುಂದಿಟ್ಟುಕೊಳ್ಳುತ್ತಾರೆ. ಚಾರಣದ ಸಮಸ್ತ ಶಾಸ್ತ್ರವೂ ಈ ನಡಿಗೆಯಲ್ಲಿ ಅಡಗಿದೆ. ನಲ್ಲಮಲೆಯ ಚೆಂಚು ಜನರು ಕಾಡಿನಲ್ಲಿಯೇ ಹುಟ್ಟಿ ಬೆಳೆದವರು. ಅವರಲ್ಲಿ ಹಲವರು ಈಗ ಅರಣ್ಯ ಇಲಾಖೆಯ ಕಾವಲುಗಾರರಾಗಿ ಹುಲಿಯ ಜಾಡನ್ನು ನೋಡುತ್ತಾರೆ. ಅಂತಹವನೊಬ್ಬನ ಕಣ್ಣು ಕಿವಿಗಳು ನಿನ್ನೊಡನಿದ್ದರೆ ಅದಕ್ಕಿಂತ ದೊಡ್ಡ ರಕ್ಷೆ ಯಾವುದು?

ಕರಡಿಯ ಸ್ವಭಾವವನ್ನು ಅರಿಯಬೇಕೆಂಬ ಆಸೆಯಿದ್ದರೆ, ಡೇರೆ ಹೂಡುವ ಮೊದಲು ದರೋಜಿಗೆ ಹೋಗಿ ಬಾ. ಹಂಪೆಯ ಸಮೀಪದಲ್ಲಿ 1994ರಲ್ಲಿ ಸ್ಥಾಪಿತವಾದ ಆ ಕರಡಿಧಾಮದಲ್ಲಿ, ಸಾಯಂಕಾಲ ಬಂಡೆಗಳ ಮೇಲೆ ಇಟ್ಟ ಬೆಲ್ಲದ ಪಾಕವನ್ನು ನೆಕ್ಕಲು ತಾಯಿಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಇಳಿದುಬರುವುದನ್ನು ವೀಕ್ಷಣಾ ಗೋಪುರದಿಂದ ನೋಡಬಹುದು. ಗೆದ್ದಲು, ಇರುವೆ, ಜೇನು, ಬೋರೆ, ಕವಳೆ ಹಣ್ಣುಗಳನ್ನು ತಿಂದು ಬಾಳುವ ಈ ಪ್ರಾಣಿಗೆ ಮನುಷ್ಯನು ಆಹಾರವಲ್ಲ. ಅದರ ದೃಷ್ಟಿ ಮಂದ. ಹುತ್ತವನ್ನು ಕೆದಕುತ್ತ ಮೈಮರೆತಿರುವಾಗ, ಅಥವಾ ಬಂಡೆಯ ಸಂದಿನಲ್ಲಿ ಮಲಗಿರುವಾಗ, ಸದ್ದಿಲ್ಲದೆ ಹತ್ತಿರ ಬಂದವನನ್ನು ಕಂಡು ಬೆದರಿ ಮೇಲೆ ಬೀಳುತ್ತದೆ. ಆದುದರಿಂದ ಬಂಡೆಗುಡ್ಡಗಳಲ್ಲಿ ಮುಂಜಾವಿನ ಮಬ್ಬಿನಲ್ಲಿಯೂ ಮುಚ್ಚಂಜೆಯಲ್ಲಿಯೂ ನಡೆಯಬಾರದು. ಪೊದೆ ಗವಿಗಳ ಬಳಿ ಗಟ್ಟಿಯಾಗಿ ಮಾತನಾಡುತ್ತ ಸಾಗಬೇಕು. ದೂರದಲ್ಲಿ ಕಂಡರೆ ಓಡದೆ, ಅದರ ದಾರಿಯನ್ನು ಬಿಟ್ಟು, ಮೆಲ್ಲನೆ ಹಿಂದೆ ಸರಿಯಬೇಕು. ವಿಧಿಯಿಲ್ಲದೆ ಮೈಮೇಲೆಯೇ ಬಿದ್ದರೆ, ಬೆನ್ನಿನ ಚೀಲವನ್ನು ಕಳಚದೆ ಬೋರಲು ಮಲಗಿ, ಬೆರಳುಗಳನ್ನು ಹೆಣೆದು ಕತ್ತಿನ ಹಿಂಭಾಗವನ್ನು ಮುಚ್ಚಿ, ಮುಖವನ್ನು ನೆಲಕ್ಕೊತ್ತಿ ಅಲುಗದಿರಬೇಕು. ಕರಡಿ ಬಹುಮಟ್ಟಿಗೆ ತಲೆ ಮುಖಗಳನ್ನೇ ಗಾಯಗೊಳಿಸುತ್ತದೆ. ಚಿರತೆಯ ಎದುರಿನಲ್ಲಿಯಾದರೆ ಬಾಗದೆ, ಕೂರದೆ, ಬೆನ್ನು ತೋರಿಸದೆ, ಎಲ್ಲರೂ ಒಟ್ಟಾಗಿ ಎತ್ತರವಾಗಿ ನಿಂತು ಕೂಗಬೇಕು.

ಆದರೆ ಡೇರೆಯಲ್ಲಿ ಮಲಗುವವನು ನಿಜವಾಗಿ ಅಂಜಬೇಕಾದುದು ಇವುಗಳಿಗಲ್ಲ, ಹಾವಿಗೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಮಡಿದರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕೂ ನಮ್ಮ ಕಲ್ಲುನೆಲದಲ್ಲಿವೆ. ಕಟ್ಟುಹಾವು ನೆಲದಲ್ಲಿ ಮಲಗಿದವರನ್ನು ರಾತ್ರಿಯಲ್ಲಿ, ನೋವೇ ತಿಳಿಯದಂತೆ ಕಡಿಯುತ್ತದೆ. ಅದರೆದುರು ಪಿಸ್ತೂಲು ಏನು ಮಾಡೀತು? ಸುತ್ತಲೂ ಮುಚ್ಚಿಕೊಳ್ಳುವ, ತಳವುಳ್ಳ ಡೇರೆ, ಒಳ್ಳೆಯ ಟಾರ್ಚು, ಕಾಲಿನ ಗಿಣ್ಣು ಮುಚ್ಚುವ ಬೂಟು, ನೆಲವನ್ನು ತಟ್ಟುತ್ತ ನಡೆಯಲೊಂದು ಕೋಲು, ಇವೇ ಅಲ್ಲಿ ಜೀವ ಕಾಯುವ ಸಾಮಗ್ರಿ. ಬೆಳಿಗ್ಗೆ ಬೂಟನ್ನು ಕೊಡವಿ ತೊಡಬೇಕು. ಕಡಿತವಾದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಸಲ್ಲದು. ಕಡಿತಕ್ಕೊಳಗಾದ ಅಂಗವನ್ನು ಅಲುಗಿಸದೆ, ನಡೆಸದೆ ಹೊತ್ತು ತಂದು, 108ಕ್ಕೆ ಕರೆ ಮಾಡಿ, ವಿಷನಿರೋಧಕ ಮದ್ದುಳ್ಳ ಆಸ್ಪತ್ರೆಗೆ ಒಯ್ಯಬೇಕು. ಯಾವ ಊರಿನ ಸರಕಾರಿ ಆಸ್ಪತ್ರೆಯಲ್ಲಿ ಆ ಮದ್ದು ದೊರೆಯುತ್ತದೆಂಬುದನ್ನು ಹೊರಡುವ ಮೊದಲೇ ವಿಚಾರಿಸಿಟ್ಟುಕೊ. ಹೆಜ್ಜೇನಿನ ಗೂಡುಳ್ಳ ಬಂಡೆಯ ಕೆಳಗೆ ಒಲೆ ಹೂಡಬೇಡ. ಒಣಗಿದ ಹುಲ್ಲಿನ ನಡುವೆ ಬೆಂಕಿಯನ್ನೇ ಮಾಡಬೇಡ. ನಮ್ಮ ಬಿಸಿಲಿನ ದಿನಗಳಲ್ಲಿ ನೀರಿನ ಲೆಕ್ಕವನ್ನು ಅನ್ನದ ಲೆಕ್ಕಕ್ಕಿಂತ ಮೊದಲು ಮಾಡು.

ಇನ್ನು ನಿನ್ನ ಭಯವು ಮೃಗಗಳದಲ್ಲದೆ ಮನುಷ್ಯರದಾಗಿದ್ದರೆ, ಅದಕ್ಕೂ ಉತ್ತರ ಕೈಬಂದೂಕಲ್ಲ. ರಾಯಲಸೀಮೆಯ ಊರುಗಳಲ್ಲಿ ಹಗೆತನಕ್ಕೆ ಆಯುಧ ಸೇರಿದಾಗ ಎಷ್ಟು ಮನೆಗಳ ದೀಪ ಆರಿತೆಂಬುದನ್ನು ನಮ್ಮ ತಲೆಮಾರಿನವರು ಬಲ್ಲರು. ಕೈಯಲ್ಲಿರುವ ಆಯುಧವು ಮಾತಿನಲ್ಲಿ ಮುಗಿಯಬಹುದಾದ ಜಗಳವನ್ನು ಮುಗಿಯಗೊಡುವುದಿಲ್ಲ. ಆಯಾಸದಿಂದ ಮಲಗಿದ ಗೆಳೆಯರ ನಡುವೆ, ಕತ್ತಲೆಯಲ್ಲಿ, ಇಕ್ಕಟ್ಟಾದ ಡೇರೆಯೊಳಗೆ ಗುಂಡು ತುಂಬಿದ ಪಿಸ್ತೂಲನ್ನು ಇಟ್ಟುಕೊಂಡವನು ಹೊರಗಣ ಸಪ್ಪಳಕ್ಕೆ ಬೆಚ್ಚಿ ಎದ್ದರೆ, ಆ ಗುಂಡು ಮೂತ್ರಕ್ಕೆಂದು ಹೊರಗೆ ಹೋಗಿ ಬರುತ್ತಿರುವ ಗೆಳೆಯನಿಗೆ ತಾಗುವ ಸಂಭವವೇ ಹೆಚ್ಚು. ಮನುಷ್ಯಭಯಕ್ಕೆ ಸಂಗಾತಿಗಳಿರಬೇಕು; ಅನುಮತಿ ಪಡೆದ ಹಾದಿಯಿರಬೇಕು; ಹೋಗುವ ಜಾಗವನ್ನೂ ಮರಳುವ ಹೊತ್ತನ್ನೂ ಮನೆಯವರಿಗೂ ಸಮೀಪದ ಊರಿನವರಿಗೂ ತಿಳಿಸಿರಬೇಕು; 112 ಎಂಬ ಸಂಖ್ಯೆ ನೆನಪಿನಲ್ಲಿರಬೇಕು.

ಬಂದೂಕಿನ ವಿದ್ಯೆಯನ್ನೇ ನೀನು ಪ್ರೀತಿಸುವೆಯಾದರೆ ಅದನ್ನು ನಾನು ನಿಂದಿಸುವವನಲ್ಲ. ಅದು ಏಕಾಗ್ರತೆಯನ್ನೂ ಶ್ವಾಸದ ನಿಯಮವನ್ನೂ ಕಲಿಸುವ ಗೌರವಯುತವಾದ ಕ್ರೀಡೆ. ಮನು ಭಾಕರ್ ಎಂಬ ತರುಣಿ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 10 ಮೀಟರು ಏರ್ ಪಿಸ್ತೂಲಿನಲ್ಲಿ ಎರಡು ಕಂಚಿನ ಪದಕಗಳನ್ನು ಗೆದ್ದಳಷ್ಟೆ. ಹೈದರಾಬಾದಿನಲ್ಲಿಯೋ ಬೆಂಗಳೂರಿನಲ್ಲಿಯೋ ಮಾನ್ಯತೆ ಪಡೆದ ರೈಫಲ್ ಕ್ಲಬ್ಬೊಂದನ್ನು ಸೇರಿ, ಗುರುವಿನ ಸಮ್ಮುಖದಲ್ಲಿ ಗುರಿಯಿಡುವುದನ್ನು ಕಲಿ. ಆ ವಿದ್ಯೆಗೆ ತಕ್ಕ ಸ್ಥಳ ಅದು.

ಕಾಡು ಪ್ರಾಣಿಗಳ ಮನೆ. ನಾವು ಅಲ್ಲಿಗೆ ಹೋಗುವ ಅತಿಥಿಗಳು. ಕೈಬಂದೂಕನ್ನು ನಂಬಿ ನಡೆಯುವವನ ಮನಸ್ಸು ಮೆಲ್ಲಮೆಲ್ಲನೆ ಅಜಾಗರೂಕವಾಗುತ್ತದೆ; ಅವನು ಹೋಗಬಾರದ ಹೊತ್ತಿನಲ್ಲಿ ಹೋಗುತ್ತಾನೆ, ಸರಿಯಬೇಕಾದಲ್ಲಿ ನಿಲ್ಲುತ್ತಾನೆ, ಕೇಳಬೇಕಾದವರನ್ನು ಕೇಳದೆ ಮುನ್ನಡೆಯುತ್ತಾನೆ. ಬರಿಗೈಯವನಾದರೋ ಹೆಜ್ಜೆಹೆಜ್ಜೆಗೂ ನೋಡುತ್ತಾನೆ, ಆಲಿಸುತ್ತಾನೆ, ಗಾಳಿಯ ವಾಸನೆಯನ್ನು ಹಿಡಿಯುತ್ತಾನೆ. ಅವನನ್ನು ಕಾಯುವುದು ಆ ಜಾಗರೂಕತೆಯೇ, ಕಾಡಿನ ಸೊಬಗನ್ನು ಅವನಿಗೆ ತೆರೆದು ತೋರಿಸುವುದೂ ಅದೇ. ಆಯುಧಕ್ಕೆಂದು ಕೂಡಿಟ್ಟ ಹಣದಲ್ಲಿ ಒಳ್ಳೆಯ ಡೇರೆಯನ್ನೂ ಬೂಟುಗಳನ್ನೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ಕೊಂಡು, ಉಳಿದುದನ್ನು ದಾರಿ ತೋರಿಸುವ ಕಾಡಿನ ಮನುಷ್ಯನಿಗೆ ಸಂಬಳವಾಗಿ ಕೊಡು. ಸಂಡೂರಿಗೆ ಹೊರಡುವ ಮೊದಲು ಆ ವಲಯದ ಅರಣ್ಯಾಧಿಕಾರಿಗಳ ಅನುಮತಿಯನ್ನು ಬರಹದಲ್ಲಿ ಪಡೆ. ನಲ್ಲಮಲೆಗಾದರೆ ಯುಗಾದಿಯ ಮುಂಚಿನ ದಿನಗಳವರೆಗೆ ಕಾದು, ಮಲ್ಲಯ್ಯನ ಯಾತ್ರಿಕರ ಗುಂಪಿನಲ್ಲಿ ಸೇರಿಕೊಂಡು ನಡೆ. ನಡೆದು ಬಂದ ಮೇಲೆ ಕಂಡುದನ್ನೆಲ್ಲ ವಿವರವಾಗಿ ನನಗೆ ಬರೆ. ನಿನಗೆ ಆಯುರಾರೋಗ್ಯಗಳು ಉಂಟಾಗಲಿ.

ಇಂತು ಆಶೀರ್ವಾದಗಳು,
ನಿನ್ನ ಹಿತೈಷಿಯಾದ ಹಿರಿಯ